ಮ್ಯೂಲ್ ಜಿಂಕೆ ಶಿಕಾರಿಗೆ ಟಿಕ್ಕಾ ಟಿ3ಎಕ್ಸ್ ಲೈಟ್: ಆರು ವರ್ಷ ಹೊತ್ತು ತಿರುಗಿದ ಮೇಲೆ

2019ರ ಬೇಸಿಗೆಯಲ್ಲಿ ಈ ಕೋವಿ ಕೊಂಡೆ. ಅಲ್ಲಿಂದ 2024ರವರೆಗೆ ವಾಯವ್ಯ ಕೊಲರಾಡೊದ ಮೀಕರ್ ಸುತ್ತಲಿನ ಗುಡ್ಡಗಳಲ್ಲಿ ಪ್ರತಿ ವರ್ಷವೂ ಇದನ್ನು ಹೆಗಲಿಗೆ ಹಾಕಿಕೊಂಡು ನಡೆದಿದ್ದೇನೆ. ನಾಲ್ಕು ವರ್ಷ ಜಿಂಕೆಯ ಟ್ಯಾಗ್ (ಒಂದು ಪ್ರಾಣಿ ಹೊಡೆಯುವ ಪರವಾನಗಿ) ಸಿಕ್ಕಿತು, ಎರಡು ವರ್ಷ ಎಲ್ಕ್ ಅನ್ನುವ ದೊಡ್ಡ ಜಾತಿಯ ಜಿಂಕೆಯ ಟ್ಯಾಗ್ ಹಿಡಿದು ಹೋದೆ. ಮೂರು ಗಂಡು ಜಿಂಕೆ ಬಿದ್ದವು. ಒಂದು ತಪ್ಪಿಸಿಕೊಂಡಿತು.

ನಾನು ಕೊಡಗಿನವನು. ನಮ್ಮಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುತ್ತೇವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿ ಅಂದರೆ ನನಗೆ ಅಜ್ಜ ಹೇಳಿದ ಕಥೆ ಮಾತ್ರ. ಹಾಗಾಗಿ ಮಿಗದ ಹಿಂದೆ ನಡೆಯುವುದನ್ನು ನಾನು ಕಲಿತದ್ದು ಪೂರ್ತಿ ಇಲ್ಲೇ.

ಮೊದಲು ಜಿಂಕೆಯ ಬಗ್ಗೆ ಒಂದು ಮಾತು. ಮ್ಯೂಲ್ ಜಿಂಕೆ ನಮ್ಮ ಚುಕ್ಕೆ ಜಿಂಕೆಗಿಂತ ದಪ್ಪ, ಕಡವೆಗಿಂತ ಚಿಕ್ಕದು. ಹೇಸರಗತ್ತೆಯ ಹಾಗೆ ದೊಡ್ಡ ಕಿವಿ, ಅದರಿಂದಲೇ ಆ ಹೆಸರು. ಕಾಡಿನೊಳಗೆ ಹತ್ತು ಮಾರು ದೂರದಲ್ಲಿ ಎದುರಾಗುವ ಪ್ರಾಣಿ ಇದಲ್ಲ. ಬಯಲು ಗುಡ್ಡ, ಸೇಜ್‌ಬ್ರಷ್ ಪೊದೆ, ಅಲ್ಲಲ್ಲಿ ಜೂನಿಪರ್ ಮರ. ಒಂದು ಕಡೆ ಕೂತು ಎದುರು ಗುಡ್ಡವನ್ನು ಗಂಟೆಗಟ್ಟಲೆ ನೋಡಬೇಕು. ಕಂಡಮೇಲೆ ಗಾಳಿ ನೋಡಿಕೊಂಡು ಹತ್ತಿರ ಹೋಗಬೇಕು. ಕೋವಿ ಆರಿಸುವಾಗ ಇದು ತಲೆಯಲ್ಲಿರಲಿ.

ನನ್ನದು 6.5 ಕ್ರೀಡ್‌ಮೂರ್ ತೋಟಾದ ಕೋವಿ. ಕೊಳ್ಳುವಾಗ ತಿಂಗಳುಗಟ್ಟಲೆ .270 ಬೇಕಾ, 30-06 ಬೇಕಾ, 7 ಎಂಎಂ ಮ್ಯಾಗ್ನಮ್ ಬೇಕಾ ಅಂತ ಒದ್ದಾಡಿದ್ದೆ. ಈಗ ಅನಿಸುತ್ತದೆ, ಅಷ್ಟು ಯೋಚನೆ ಬೇಕಿರಲಿಲ್ಲ. ಇಲ್ಲಿ ಕಾನೂನು ಕೇಳುವುದು ಕನಿಷ್ಠ .24 ಕ್ಯಾಲಿಬರ್ (ಇಂಚಿನಲ್ಲಿ ಗುಂಡಿನ ದಪ್ಪ) ಮತ್ತು ಒಡಲಲ್ಲಿ ಅರಳುವ ಗುಂಡು. .270 ಬಂದದ್ದು 1925ರಲ್ಲಿ, ಅದು ನೂರು ವರ್ಷದಿಂದ ಈ ಕೆಲಸ ಮಾಡುತ್ತಲೇ ಇದೆ. ನಾನು 6.5 ಆರಿಸಿದ್ದು ಒಂದೇ ಕಾರಣಕ್ಕೆ, ಒದೆತ ಕಡಿಮೆ. ಒದೆತಕ್ಕೆ ಹೆದರಿ ಕುದುರೆ (ಟ್ರಿಗರ್) ಎಳೆಯುವ ಹೊತ್ತಿಗೆ ಕಣ್ಣು ಮುಚ್ಚುವವರನ್ನು ರೇಂಜಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಒದೆತ ಕಡಿಮೆ ಇದ್ದರೆ ಒಂದೇ ದಿನ ನಲವತ್ತು ತೋಟಾ ಹೊಡೆದು ಅಭ್ಯಾಸ ಮಾಡಬಹುದು, ಭುಜ ಬೇಡ ಅನ್ನುವುದಿಲ್ಲ.

ಕೋವಿಯ ತೂಕ ಸುಮಾರು 2.9 ಕಿಲೋ. ಸ್ಕೋಪ್ (ಗುರಿ ನೋಡುವ ದುರ್ಬೀನು), ಪಟ್ಟಿ, ಮೂರು ತೋಟಾ ಸೇರಿ ಮೂರೂವರೆ ದಾಟುತ್ತದೆ. ಏಳೆಂಟು ಸಾವಿರ ಅಡಿ ಎತ್ತರದಲ್ಲಿ ದಿನಕ್ಕೆ ಎಂಟು ಮೈಲಿ ನಡೆದಾಗ ಅರ್ಧ ಕಿಲೋ ಹೆಚ್ಚುಕಡಿಮೆ ಅಂದರೆ ಏನು ಅಂತ ಬೆನ್ನಿಗೆ ಗೊತ್ತಾಗುತ್ತದೆ. ಬೋಲ್ಟ್ (ತೋಟಾ ಒಳಗೆ ತಳ್ಳುವ, ಹೊರಗೆ ಎಳೆಯುವ ಭಾಗ) ಬೆಣ್ಣೆಯ ಹಾಗೆ ಜಾರುತ್ತದೆ, ಆರು ವರ್ಷದ ಧೂಳು ತಿಂದಮೇಲೂ. ಕುದುರೆಯ ಬಿಗಿಯನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಒಂದು ವಿಷಯ ಹೊಸಬರು ತಿಳಿದಿರಬೇಕು: ಸೇಫ್ಟಿ ಹಾಕಿದರೆ ಬೋಲ್ಟ್ ಕೂಡ ಲಾಕ್ ಆಗುತ್ತದೆ. ಪೊದೆಗೆ ಸಿಕ್ಕಿ ಬೋಲ್ಟ್ ತೆರೆದುಕೊಳ್ಳುವುದಿಲ್ಲ, ಅದು ಒಳ್ಳೆಯದು. ಆದರೆ ತೋಟಾ ತೆಗೆಯಬೇಕಾದರೆ ಸೇಫ್ಟಿ ಬಿಡಲೇಬೇಕು. ಆ ಕ್ಷಣ ನಳಿಗೆ ಎತ್ತ ನೋಡುತ್ತಿದೆ ಅನ್ನುವುದು ಮುಖ್ಯ. ನಾನು ಗಾಡಿಯಿಂದ ದೂರ ನಿಂತು, ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆ ಇಟ್ಟುಕೊಂಡೇ ಖಾಲಿ ಮಾಡುತ್ತೇನೆ. ಇನ್ನೊಂದು, ಚಳಿಗೆ ಬೋಲ್ಟಿನ ಒಳಗೆ ಎಣ್ಣೆ ಜಾಸ್ತಿ ಹಾಕಬೇಡಿ. ಎಣ್ಣೆ ಗಟ್ಟಿಯಾಗಿ, ತೋಟಾಕ್ಕೆ ಬಡಿಯುವ ಪಿನ್ ನಿಧಾನವಾಗುತ್ತದೆ.

ಈಗ ತಪ್ಪಿದ ಜಿಂಕೆಯ ವಿಷಯ. 2020ರಲ್ಲಿ ಕೋವಿಯ ಮೇಲಿದ್ದದ್ದು ಅಗ್ಗದ ಸ್ಕೋಪ್. ಕೂರಿಸಿ ಕೊಟ್ಟಿದ್ದು ಒಂದು ಅಂಗಡಿಯವರು. ಮೂರನೇ ದಿನ ಬೆಳಿಗ್ಗೆ 240 ಗಜದಲ್ಲಿ ಒಳ್ಳೆಯ ಗಂಡು, ಪಕ್ಕಕ್ಕೆ ತಿರುಗಿ ನಿಂತಿತ್ತು. ಕೂತು, ಕೋಲಿನ ಮೇಲೆ ಕೋವಿ ಇಟ್ಟು, ನಿಧಾನವಾಗಿ ಹೊಡೆದೆ. ನಾಲ್ಕೂ ಕಾಲು ಒಟ್ಟಿಗೆ ಎತ್ತಿ, ಚೆಂಡಿನ ಹಾಗೆ ಪುಟಿದುಕೊಂಡು ಗುಡ್ಡ ಏರಿತು. ನೆತ್ತಿಯಲ್ಲಿ ನಿಂತು ಒಮ್ಮೆ ತಿರುಗಿ ನೋಡಿತು, ಆಮೇಲೆ ಮರೆಯಾಯಿತು. ರಕ್ತ ಇದೆಯಾ ಅಂತ ಎರಡು ಗಂಟೆ ಹುಡುಕಿದೆ. ಒಂದು ಹನಿಯೂ ಇರಲಿಲ್ಲ. ಗಾಯ ಮಾಡಿ ಕಳಿಸಲಿಲ್ಲ ಅನ್ನುವುದೇ ಅವತ್ತಿನ ಸಮಾಧಾನ. ಸಂಜೆ ಕಾಗದಕ್ಕೆ ಹೊಡೆದು ನೋಡಿದರೆ 100 ಗಜದಲ್ಲೇ ಏಳು ಇಂಚು ಎಡಕ್ಕೆ. ಸ್ಕೋಪ್ ಹಿಡಿದಿಡುವ ರಿಂಗಿನ ಸ್ಕ್ರೂಗಳು ಬೆರಳಲ್ಲೇ ತಿರುಗುತ್ತಿದ್ದವು.

ಆಮೇಲೆ ಟಾರ್ಕ್ ವ್ರೆಂಚ್ ಕೊಂಡೆ. ತಯಾರಕರು ಹೇಳಿದಷ್ಟೇ ಬಿಗಿ ಮಾಡಿ, ಪ್ರತಿ ಸ್ಕ್ರೂ ತಲೆಯಿಂದ ರಿಂಗಿನವರೆಗೆ ಬಿಳಿ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆದೆ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಈಗಲೂ ಪ್ರತಿ ಬೆಳಿಗ್ಗೆ ಹೆಡ್‌ಲ್ಯಾಂಪ್ ಬೆಳಕಲ್ಲಿ ಅದನ್ನೇ ಮೊದಲು ನೋಡುತ್ತೇನೆ.

2021ರಲ್ಲಿ ಲ್ಯೂಪೋಲ್ಡ್ ವಿಎಕ್ಸ್-3ಎಚ್‌ಡಿ, 3.5-10x40 ಹಾಕಿಸಿದೆ. ಹಗುರ, 400 ಗ್ರಾಂ ಒಳಗೆ. ನಮ್ಮ ತೋಟಾ ಮತ್ತು ಎತ್ತರಕ್ಕೆ ತಕ್ಕಂತೆ ಗಜದ ಗುರುತು ಹಾಕಿದ ಡಯಲ್ ಮಾಡಿಕೊಡುತ್ತಾರೆ. ಹಾರ್ನಡಿ ಕಂಪನಿಯ 143 ಗ್ರೇನ್ (ಸುಮಾರು 9.3 ಗ್ರಾಂ) ಇಎಲ್‌ಡಿ-ಎಕ್ಸ್ ಗುಂಡನ್ನು 200 ಗಜಕ್ಕೆ ಸರಿಮಾಡಿದರೆ 300ರಲ್ಲಿ ಸುಮಾರು 8 ಇಂಚು, 400ರಲ್ಲಿ 22 ಇಂಚಿನ ಆಸುಪಾಸು ಕೆಳಗೆ ಬೀಳುತ್ತದೆ. ಡಯಲ್ ತಿರುಗಿಸಿದರೆ ಆ ಲೆಕ್ಕ ಮುಗಿಯಿತು. ಆದರೆ ಗಾಳಿಗೆ ಡಯಲ್ ಇಲ್ಲ ಅಲ್ವಾ? ಗಂಟೆಗೆ 10 ಮೈಲಿಯ ಅಡ್ಡಗಾಳಿ 300 ಗಜದಲ್ಲಿ ನಾಲ್ಕೈದು ಇಂಚು ತಳ್ಳುತ್ತದೆ, ಮಧ್ಯದ ಕಣಿವೆಯಲ್ಲಿ ಗಾಳಿ ಯಾವ ಕಡೆಗೆ ಅಂತ ಇಲ್ಲಿಂದ ಕಾಣುವುದಿಲ್ಲ. ಅದಕ್ಕೇ ನನ್ನ ಗಡಿ 300 ಗಜ. ಕೋವಿ ಅದಕ್ಕಿಂತ ದೂರ ಹೊಡೆಯುತ್ತದೆ, ನಾನು ಹೊಡೆಯುವುದಿಲ್ಲ. 2022ರ ಗಂಡು 410 ಗಜದಲ್ಲಿ ಕಂಡಿತ್ತು. ಶೂ ಬಿಚ್ಚಿ, ಸಾಕ್ಸಿನಲ್ಲಿ ಒಣ ಹಳ್ಳದ ಒಳಗೇ ತೆವಳಿ 170ಕ್ಕೆ ಹೋದೆ. ಒಂದೇ ಗುಂಡು, ನಿಂತಲ್ಲೇ ಕುಸಿಯಿತು.

2024ಕ್ಕೆ ತೋಟಾ ಬದಲಿಸಿದೆ. ಸೀಸದ ಗುಂಡು ಒಡಲಲ್ಲಿ ಚೂರಾಗಿ ಮಾಂಸದಲ್ಲಿ ಉಳಿಯುತ್ತದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಈಗ ಬಾರ್ನ್ಸ್ ಕಂಪನಿಯ 120 ಗ್ರೇನ್ ತಾಮ್ರದ ಗುಂಡು. ಇದು ಚೂರಾಗದೆ ಹೂವಿನ ಹಾಗೆ ಅರಳುತ್ತದೆ. ಆದರೆ ಹಳೆಯ ಡಯಲಿನ ಗುರುತು ಇದಕ್ಕೆ ಹೊಂದುವುದಿಲ್ಲ, ಹೊಸದು ಮಾಡಿಸಬೇಕು. ತೋಟಾ ಬದಲಿಸುವವರು ಈ ಖರ್ಚನ್ನೂ ಸೇರಿಸಿಕೊಳ್ಳಿ.

ಇಷ್ಟು ಹೇಳಿದಮೇಲೂ, ಜಿಂಕೆ ತಂದುಕೊಟ್ಟದ್ದು ಕೋವಿಗಿಂತ ಜಾಸ್ತಿ ದುರ್ಬೀನು ಮತ್ತು ಟ್ರೈಪಾಡ್. ಮೂರೂ ಗಂಡನ್ನು ನಾನು ಮೊದಲು ಕಂಡದ್ದು 10x42 ದುರ್ಬೀನಿನಲ್ಲಿ. ಕಂಡದ್ದು ಜಿಂಕೆಯಲ್ಲ, ಜೂನಿಪರ್ ನೆರಳಲ್ಲಿ ಅಲ್ಲಾಡಿದ ಒಂದು ಕಿವಿ. ಕೈಯಲ್ಲಿ ಹಿಡಿದು ನೋಡಿದರೆ ಆ ಕಿವಿ ಕಾಣುವುದಿಲ್ಲ, ಟ್ರೈಪಾಡಿನ ಮೇಲಿಟ್ಟರೆ ಕಾಣುತ್ತದೆ. ಗುಂಡು ಹೊಡೆಯುವಾಗಲೂ ಅದೇ ಟ್ರೈಪಾಡ್ ಆಸರೆ. ಮೊದಲ ವರ್ಷ ಗಿಡ್ಡ ಕಾಲಿನ ಬೈಪಾಡ್ ಹಾಕಿಕೊಂಡು ಹೋಗಿದ್ದೆ. ಸೊಂಟದೆತ್ತರದ ಸೇಜ್‌ಬ್ರಷ್ ಮಧ್ಯೆ ಮಲಗಿದರೆ ಎಲೆ ಬಿಟ್ಟು ಬೇರೇನೂ ಕಾಣಲಿಲ್ಲ. ಕೂತು ಹೊಡೆಯುವುದನ್ನು ಅಭ್ಯಾಸ ಮಾಡಿ.

ಕೋವಿಗೆ ಆಗ 700 ಡಾಲರ್ ಆಸುಪಾಸು, ಸ್ಕೋಪಿಗೆ 600, ದುರ್ಬೀನಿಗೆ 500 ಕೊಟ್ಟೆ. ಇವತ್ತು ಮತ್ತೆ ಕೊಳ್ಳುವುದಾದರೆ ಅದೇ ಕೋವಿ, ಆದರೆ ದುರ್ಬೀನಿಗೆ ಇನ್ನೂ ಹೆಚ್ಚು ಹಾಕುತ್ತೇನೆ.

ಇಲ್ಲಿರುವ ಕನ್ನಡಿಗರಿಗೆ ಒಂದು ಮಾತು. ನಾನು ಗ್ರೀನ್ ಕಾರ್ಡ್ ಬಂದಮೇಲೆ ಕೊಂಡವನು. ಎಚ್-1ಬಿ ತರದ ವೀಸಾದವರು ಕೋವಿ, ತೋಟಾ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೂ ವಕೀಲರನ್ನು ಕೇಳದೆ ಅಂಗಡಿಗೆ ಕಾಲಿಡಬೇಡಿ. ಕೊಲರಾಡೊದಲ್ಲಿ 2023ರ ಅಕ್ಟೋಬರ್‌ನಿಂದ ಕೋವಿ ಕೈಗೆ ಬರಲು ಮೂರು ದಿನ ಕಾಯಬೇಕು. ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. ಜಿಂಕೆ ಟ್ಯಾಗಿನ ಲಾಟರಿಗೆ ಅರ್ಜಿ ಏಪ್ರಿಲ್ ಮೊದಲ ವಾರಕ್ಕೇ ಮುಗಿಯುತ್ತದೆ. ಹೊಡೆದ ಜಿಂಕೆಯ ತಲೆಯನ್ನು ಸಿಡಬ್ಲ್ಯುಡಿ (ಜಿಂಕೆ ಜಾತಿಯ ಪ್ರಾಣಿಗಳ ಮೆದುಳಿಗೆ ತಗಲುವ) ರೋಗದ ಪರೀಕ್ಷೆಗೆ ಕೊಡಿ. ಫಲಿತಾಂಶ ಬರುವವರೆಗೆ ನಮ್ಮ ಮನೆಯಲ್ಲಿ ಮಾಂಸ ಫ್ರೀಜರಿನಲ್ಲೇ ಇರುತ್ತದೆ, ಪ್ರತಿ ಪೊಟ್ಟಣದ ಮೇಲೂ ಪರೀಕ್ಷೆಯ ನಂಬರ್ ಬರೆದಿರುತ್ತೇವೆ.