ಏಜೆಂಟ್ ಕೈಗೆ ಮೌಸ್ ಕೊಡುವ ಮುನ್ನ: ನಾಲ್ಕು ಟೂಲ್‌ಗಳ ಹೋಲಿಕೆ

ಕಂಪ್ಯೂಟರನ್ನು ತಾನೇ ನಡೆಸುವ ಎಐ ಏಜೆಂಟ್‌ಗೆ ಮೌಸ್ ಬಳಸುವ ಬಗ್ಗೆ ಡಾಕ್ಯುಮೆಂಟೇಶನ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಕಮಾಂಡ್ ಏನು ಮಾಡುತ್ತದೆ ಅಂತ ಒಂದು ಪುಟ ಬರೆದರೆ ಮುಗಿಯಿತು ಅಂದುಕೊಂಡಿದ್ದೆ. ಮೊದಲು ನಾಲ್ಕು ಟೂಲ್‌ಗಳನ್ನು ನನ್ನ ಹಳೇ ಉಬುಂಟು ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡೋಣ ಅಂತ ಕೂತೆ. ಪರೀಕ್ಷೆ ಸುಲಭದ್ದೇ. ಲಿಬ್ರೆಆಫೀಸ್ ಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟಿನಲ್ಲಿ ಒಂದು ಸೆಲ್ ಕ್ಲಿಕ್ ಮಾಡಬೇಕು, ಅಲ್ಲಿ ‘ಚಿಕ್ಕಮಗಳೂರು’ ಅಂತ ಟೈಪ್ ಮಾಡಬೇಕು, ಆಮೇಲೆ ಹತ್ತು ಸಾಲು ಕೆಳಗೆ ಎಳೆದು ಸೆಲೆಕ್ಟ್ ಮಾಡಬೇಕು.

ಶುರು ಮಾಡಿದ್ದು ಪೈಆಟೊಜಿಯುಐನಿಂದ. ಮೌಸ್, ಕೀಬೋರ್ಡ್ ಆಡಿಸುವ ಪೈಥಾನ್ ಲೈಬ್ರರಿ ಇದು. ಪೈಥಾನ್ ಬಲ್ಲವರಿಗೆ ಇದರಷ್ಟು ಸಲೀಸು ಇನ್ನೊಂದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಅದರ ಫೇಲ್‌ಸೇಫ್. ಮೌಸನ್ನು ಪರದೆಯ ಮೂಲೆಗೆ ತಳ್ಳಿದರೆ ಪ್ರೋಗ್ರಾಂ ಎರರ್ ಕೊಟ್ಟು ನಿಂತುಬಿಡುತ್ತದೆ. ಏಜೆಂಟ್ ಒಂದು ಸಂಜೆ ಸಿಕ್ಕಸಿಕ್ಕ ಮೆನು ತೆರೆಯಲು ಶುರು ಮಾಡಿದಾಗ ನನ್ನನ್ನು ಕಾಪಾಡಿದ್ದು ಇದೇ. ಆದರೆ ಟೈಪ್ ಮಾಡುವಾಗ ಕೈಕೊಟ್ಟಿತು. ಕೀಬೋರ್ಡಿನಲ್ಲಿ ನೇರವಾಗಿ ಕೀ ಇಲ್ಲದ ಅಕ್ಷರವನ್ನು ಅದು ಸುಮ್ನೆ ಬಿಟ್ಟುಬಿಡುತ್ತದೆ. ಎರರ್ ಕೂಡ ಇಲ್ಲ! ಸೆಲ್ ಖಾಲಿ. ಏಜೆಂಟ್ ಅದನ್ನು ನೋಡಿ ಮತ್ತೆ ಟೈಪ್ ಮಾಡಿತು, ಮತ್ತೆ ಖಾಲಿ. ಕೊನೆಗೆ ಪುಟದಲ್ಲಿ ಮೊದಲ ಸಾಲಾಗಿ ಬರೆದೆ: ‘ಕನ್ನಡ ಪಠ್ಯವನ್ನು ಕ್ಲಿಪ್‌ಬೋರ್ಡಿಗೆ ಹಾಕಿ ಪೇಸ್ಟ್ ಮಾಡು.’

ಎಕ್ಸ್‌ಡೂಟೂಲ್ ಹಳಬ. ಲಿನಕ್ಸ್‌ನಲ್ಲಿ ಪರದೆ, ಮೌಸ್ ನೋಡಿಕೊಳ್ಳುವ ಹಳೇ ವ್ಯವಸ್ಥೆ ಎಕ್ಸ್11ಕ್ಕೆ ಮಾತ್ರ. ಆಂತ್ರೊಪಿಕ್ 2024ರ ಅಕ್ಟೋಬರ್‌ನಲ್ಲಿ ತನ್ನ ಎಐ ಕ್ಲಾಡ್‌ಗೆ ಕಂಪ್ಯೂಟರ್ ಬಳಸುವ ಶಕ್ತಿ ಕೊಟ್ಟಾಗ, ಜತೆಗೆ ಕೊಟ್ಟ ಮಾದರಿ ಕೋಡ್ ಮೌಸ್ ಆಡಿಸಿದ್ದು ಇದರಿಂದಲೇ. ಒಂದೇ ಸಾಲಿನಲ್ಲಿ ಜಾಗ ಹೇಳಿ, ಕ್ಲಿಕ್ ಮಾಡಿಸಬಹುದು. 1 ಅಂದರೆ ಎಡ ಬಟನ್, 3 ಬಲ. 4 ಮತ್ತು 5 ಅಂದರೆ ಮೇಲಕ್ಕೆ, ಕೆಳಕ್ಕೆ ಸ್ಕ್ರೋಲ್. ಇದನ್ನು ಬರೆದುಕೊಡದಿದ್ದರೆ ಸ್ಕ್ರೋಲ್‌ಗೂ ಕ್ಲಿಕ್ಕೇ ಕೊಡಬೇಕು ಅಂತ ಯಾರಿಗೆ ತಾನೇ ಹೊಳೆಯುತ್ತದೆ?

ಕನ್ನಡ ಟೈಪ್ ಮಾಡಿತು, ಖುಷಿಯಾಯಿತು. ಹತ್ತಿರ ಹೋಗಿ ನೋಡಿದರೆ ‘ಚಿಕಕಮಗಳೂರು’. ಒತ್ತಕ್ಷರ ಮಾಡುವ ಹಲಂತವೇ ಬಿದ್ದುಹೋಗಿತ್ತು. ಕೀಬೋರ್ಡಿನಲ್ಲಿ ಇಲ್ಲದ ಅಕ್ಷರ ಬಂದಾಗ ಎಕ್ಸ್‌ಡೂಟೂಲ್ ಒಂದು ಖಾಲಿ ಕೀಗೆ ಆ ಅಕ್ಷರವನ್ನು ತಾತ್ಕಾಲಿಕವಾಗಿ ಕಟ್ಟಿ ಒತ್ತುತ್ತದೆ. ಎದುರಿನ ಪ್ರೋಗ್ರಾಂ ಅಷ್ಟು ಬೇಗ ಹಿಡಿಯದಿದ್ದರೆ ಅಕ್ಷರ ತಪ್ಪುತ್ತದೆ. ಅಕ್ಷರಗಳ ನಡುವಿನ ಬಿಡುವನ್ನು 12 ಮಿಲಿಸೆಕೆಂಡಿನಿಂದ 60ಕ್ಕೆ ಏರಿಸಿದೆ, ಸರಿಹೋಯಿತು.

ಎಳೆಯುವುದರಲ್ಲೂ ಇದೇ ಅವಸರ. ಬಟನ್ ಒತ್ತಿ, ಒಂದೇ ನೆಗೆತಕ್ಕೆ ಗುರಿ ಮುಟ್ಟಿ, ಬಿಟ್ಟರೆ ಕೆಲವು ಪ್ರೋಗ್ರಾಂಗಳಿಗೆ ಎಳೆದದ್ದೇ ಗೊತ್ತಾಗುವುದಿಲ್ಲ. ಮಧ್ಯೆ ನಾಲ್ಕೈದು ಕಡೆ ನಿಂತು ಹೋಗು ಅಂತ ಹೇಳಬೇಕಾಯಿತು.

ಇನ್ನೊಂದು ಎಡವಟ್ಟು ಟೂಲ್‌ನದ್ದಲ್ಲ, ನನ್ನದೇ. ನನ್ನ ಪರದೆ 1366×768. ಏಜೆಂಟ್‌ಗೆ ಕಳಿಸುತ್ತಿದ್ದ ಸ್ಕ್ರೀನ್‌ಶಾಟನ್ನು 1024×576ಕ್ಕೆ ಕುಗ್ಗಿಸಿದ್ದೆ. ಅದು ಚಿತ್ರ ನೋಡಿ ಕ್ಲಿಕ್ ಮಾಡುವ ಜಾಗ ಎಡದಿಂದ 700, ಮೇಲಿಂದ 500 (ಎಕ್ಸ್, ವೈ) ಅಂದಿತು. ಅದನ್ನೇ ಹಾಗೆ ಟೂಲ್‌ಗೆ ಕೊಟ್ಟೆ. ನಿಜವಾಗಿ ಕ್ಲಿಕ್ ಆಗಬೇಕಿದ್ದದ್ದು 934, 667ರಲ್ಲಿ. ಅರ್ಧ ದಿನ ಏಜೆಂಟ್‌ಗೆ ಕಣ್ಣು ಕಾಣಲ್ಲ ಅಂತ ಬೈದುಕೊಂಡಿದ್ದೆ, ಪಾಪ. ಮ್ಯಾಕ್‌ನ ರೆಟಿನಾ ಪರದೆಯಲ್ಲೂ ಇದೇ ಕಥೆ. ಅಲ್ಲಿ ಸ್ಕ್ರೀನ್‌ಶಾಟ್ ಮೌಸ್‌ನ ಅಳತೆಗಿಂತ ಎರಡು ಪಟ್ಟು ದೊಡ್ಡದಾಗಿರುತ್ತದೆ. ‘ಎಕ್ಸ್, ವೈ ಕೊಡು’ ಅಂತ ಬರೆದರೆ ಸಾಲದು, ಯಾವ ಚಿತ್ರದ ಎಕ್ಸ್, ವೈ ಅಂತಲೂ ಬರೆಯಬೇಕು.

ಎಕ್ಸ್11ರ ಜಾಗಕ್ಕೆ ಬಂದ ಹೊಸ ವ್ಯವಸ್ಥೆ ವೇಲ್ಯಾಂಡ್. ಅದರ ಸೆಷನ್‌ಗೆ ಹೋದರೆ ಈ ಎರಡೂ ಟೂಲ್‌ಗಳನ್ನು ನಂಬುವಂತಿಲ್ಲ. ಎಕ್ಸ್‌ಡೂಟೂಲ್ ಕಮಾಂಡ್ ಓಡುತ್ತದೆ, ತಪ್ಪಾಯಿತು ಅಂತ ಹೇಳುವುದಿಲ್ಲ, ಪರದೆಯಲ್ಲಿ ಮಾತ್ರ ಎಷ್ಟೋ ಸಲ ಏನೂ ಆಗಿರುವುದಿಲ್ಲ. ಏಜೆಂಟ್ ‘ಕ್ಲಿಕ್ ಮಾಡಿದೆ’ ಅಂತ ಧೈರ್ಯವಾಗಿ ವರದಿ ಕೊಡುತ್ತದೆ. ಪ್ರತಿ ಕ್ಲಿಕ್ ಆದಮೇಲೆ ಸ್ಕ್ರೀನ್‌ಶಾಟ್ ತೆಗೆದು ನೋಡು ಅನ್ನುವ ಸಾಲನ್ನು ಆಮೇಲೆ ಎಲ್ಲ ಪುಟಗಳಿಗೂ ಹಾಕಿದೆ.

ವೇಲ್ಯಾಂಡ್‌ಗೆ ವೈಡೂಟೂಲ್ ಇದೆ. ಅದು ಲಿನಕ್ಸ್‌ನ ತಿರುಳಾದ ಕರ್ನಲ್ ಮಟ್ಟದಲ್ಲೇ ಸುಳ್ಳು ಮೌಸ್ ಹುಟ್ಟಿಸುತ್ತದೆ, ಹಾಗಾಗಿ ಅನುಮತಿ ಬೇಕು, ಹಿನ್ನೆಲೆಯಲ್ಲಿ ಅದರದೇ ಒಂದು ಸಹಾಯಕ ಪ್ರೋಗ್ರಾಂ (ಡೀಮನ್) ಓಡುತ್ತಿರಬೇಕು. ಎಡ ಕ್ಲಿಕ್‌ಗೆ ಕೋಡ್ ಸೊನ್ನೆ-ಎಕ್ಸ್-ಸಿ-ಸೊನ್ನೆ (0xC0). ಇದನ್ನು ಬಾಯಿಪಾಠ ಮಾಡಬೇಕಂತೆ! ಇಂಥ ಜಾಗಕ್ಕೇ ಹೋಗು ಅಂದರೆ ಅದು ಮೊದಲು ಮೇಲಿನ ಎಡಮೂಲೆಗೆ ಓಡಿ, ಅಲ್ಲಿಂದ ಅಳೆದು ಬರುತ್ತದೆ. ಮೌಸ್ ಆಕ್ಸೆಲರೇಶನ್ (ಬೇಗ ಸರಿಸಿದರೆ ಇನ್ನೂ ದೂರ ಹೋಗುವ ಸೆಟ್ಟಿಂಗ್) ಆನ್ ಇದ್ದರೆ ಗುರಿ ತಪ್ಪುತ್ತದೆ. ಕನ್ನಡ ಟೈಪಿಂಗ್ ಕೇಳಲೇಬೇಡಿ.

ಪ್ಲೇರೈಟ್ ಬ್ರೌಸರ್ ಒಳಗೆ ಮಾತ್ರ, ಹಾಗಾಗಿ ಕ್ಯಾಲ್ಕ್ ಪರೀಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲ. ಒಂದು ವೆಬ್ ಫಾರ್ಮ್ ಕೊಟ್ಟೆ. ಊರಿನ ಹೆಸರು ಒಂದೇ ಏಟಿಗೆ ಸರಿಯಾಗಿ ಬಂತು. ಎಕ್ಸ್, ವೈ ಬದಲು ‘ಸಲ್ಲಿಸಿ ಅನ್ನುವ ಬಟನ್’ ಅಂತ ಹೇಳಿದರೂ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ 30 ಸೆಕೆಂಡ್ ಕಾದು ಎರರ್ ಕೊಡುತ್ತದೆ. ಈ ನಾಲ್ಕರಲ್ಲಿ ಕ್ಲಿಕ್ ಮಾಡಲಾಗದಿದ್ದಾಗ ಬಾಯಿಬಿಟ್ಟು ಹೇಳಿದ್ದು ಇದೊಂದೇ. ಅದೂ ಬಟನ್ ಹೆಸರು ಹೇಳಿದಾಗ. ಬರೀ ಎಕ್ಸ್, ವೈ ಕೊಟ್ಟರೆ ಇದೂ ಮೂಕವೇ. ಕಾರ್ಡ್ ಎಳೆದು ಹಾಕುವ ಪುಟದಲ್ಲಿ ಮೌಸನ್ನು ಕನಿಷ್ಠ ಎರಡು ಸಲ ಸರಿಸು ಅಂತ ಅದರ ಡಾಕ್ಯುಮೆಂಟೇಶನ್ನೇ ಹೇಳುತ್ತದೆ.

ಈಗ ಬ್ರೌಸರ್ ಕೆಲಸ ಇದ್ದರೆ ಪ್ಲೇರೈಟ್ ಕೊಡುತ್ತೇನೆ. ಉಳಿದದ್ದಕ್ಕೆ ಎಕ್ಸ್11 ಸೆಷನ್‌ನಲ್ಲಿ ಎಕ್ಸ್‌ಡೂಟೂಲ್. ವಿಂಡೋಸ್ ಇರುವ ಗೆಳೆಯರಿಗೆ ಪೈಆಟೊಜಿಯುಐ. ವೈಡೂಟೂಲ್ ಪುಟ ಇನ್ನೂ ಅರ್ಧಕ್ಕೇ ನಿಂತಿದೆ.