ಮನೆಯಲ್ಲೇ ಇದ್ದು ಮನೆ ಒಡೆಸಿದ 71 ದಿನ: ನಮ್ಮ ಕಾಂಟ್ರಾಕ್ಟರ್ ಕೆಲಸ ಹೇಗಿತ್ತು

ನಮ್ಮದು ಮುಂಬೈಯ ಮಾಟುಂಗಾ ಪೂರ್ವದ ಹಳೇ ಮೂರು ಮಾಳಿಗೆಯ ಕಟ್ಟಡ. ಎರಡು ರೂಮು, ಅಡುಗೆಮನೆ, ಬಚ್ಚಲು ಬೇರೆ, ಸಂಡಾಸ್ ಬೇರೆ. ಕೆಳಗಿನ ಮನೆಯ ಗುಜರಾತಿ ಬೆನ್ (ಅವರ ಭಾಷೆಯಲ್ಲಿ ಅಕ್ಕ) ಒಂದು ದಿನ ಕರೆದು ಅವರ ಚಾವಣಿ ತೋರಿಸಿದರು. ನಮ್ಮ ಬಚ್ಚಲಿನ ನೀರು ಇಳಿದು ಪ್ಲಾಸ್ಟರ್ ಉದುರಿ, ಒಳಗಿನ ಕಬ್ಬಿಣದ ಸರಳು ಕಾಣುತ್ತಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಹೇಗೂ ಒಡೆಸಬೇಕು, ತುಕ್ಕು ಹಿಡಿದ ಹಳೇ ಕಬ್ಬಿಣದ (ಜಿಐ) ಪೈಪು, ಅಡುಗೆಕಟ್ಟೆ, ನೆಲ ಎಲ್ಲಾ ಒಂದೇ ಸಲ ಮುಗಿಸೋಣ ಎಂದುಕೊಂಡೆವು.

ಎರಡು ತಿಂಗಳಿಗೆ ಅಂತ ಮನೆ ಬಾಡಿಗೆಗೆ ಸಿಗುವುದು ಇಲ್ಲಿ ಸುಲಭವಲ್ಲ. ಅತ್ತೆಗೆ 79. "ನಾನು ಎಲ್ಲಿಗೂ ಬರೋಲ್ಲ" ಎಂದುಬಿಟ್ಟರು. ಹಾಗಾಗಿ ಇಲ್ಲೇ ಇದ್ದೆವು.

ಕಾಂಟ್ರಾಕ್ಟರ್ ಹೆಸರು ಹಾಕುತ್ತಿಲ್ಲ, ಏಕೆಂದರೆ ಅವರ ತಪ್ಪುಗಳನ್ನೂ ಬರೆಯುತ್ತಿದ್ದೇನೆ. ಅವರನ್ನು ಒಪ್ಪಿಕೊಂಡಿದ್ದು ಒಂದೇ ಕಾರಣಕ್ಕೆ. ಉಳಿದ ಇಬ್ಬರು ಬಂದವರೇ ಟೈಲ್ಸ್ ಕ್ಯಾಟಲಾಗ್ ತೆಗೆದರು. ಇವರು ಮೊದಲು ಕೇಳಿದ್ದು ಅತ್ತೆಯ ಬಗ್ಗೆ, "ರಾತ್ರಿ ಎಷ್ಟು ಸಲ ಏಳ್ತಾರೆ ಮಾಂಜಿ?" ಅತ್ತೆ ಮಲಗುವ ಮೂಲೆಯಿಂದ ಸಂಡಾಸಿಗೆ ಹೋಗುವ ದಾರಿಯಲ್ಲಿ ಒಂದು ಚೀಲ ಸಿಮೆಂಟೂ ಇಡಬಾರದು ಅಂತ ಹುಡುಗರಿಗೆ ಅಲ್ಲೇ ಹೇಳಿದರು. 71 ದಿನವೂ ಆ ದಾರಿ ಖಾಲಿ ಇತ್ತು.

ನಮ್ಮ ಕಟ್ಟಡದ ಸೊಸೈಟಿಯ ನಿಯಮ ಬಿಗಿ. 25,000 ಡಿಪಾಸಿಟ್, ಹತ್ತರಿಂದ ಆರರವರೆಗೆ ಕೆಲಸ, ಮಧ್ಯಾಹ್ನ ಎರಡರಿಂದ ನಾಲ್ಕು ಒಡೆಯುವಂತಿಲ್ಲ, ಭಾನುವಾರ ರಜೆ. ಒಡೆದ ಮಣ್ಣೆಲ್ಲ ಗೋಣಿಗೆ ತುಂಬಿ ಮೆಟ್ಟಿಲಿಳಿಸಬೇಕು. ಇವರ ಹುಡುಗರು ಸಂಜೆ ಐದೂವರೆಗೆ ಮೆಷಿನ್ ನಿಲ್ಲಿಸಿ ಗುಡಿಸುತ್ತಿದ್ದರು. ನಲ್ಲಿಯಲ್ಲಿ ನೀರು ಬರುತ್ತಿದೆಯಾ ಅಂತ ನನಗೆ ತೋರಿಸಿಯೇ ಹೋಗುತ್ತಿದ್ದರು. ಮನೆಯಲ್ಲೇ ಇರುವವರಿಗೆ ಇದರಷ್ಟು ದೊಡ್ಡ ಉಪಕಾರ ಬೇರೆ ಇಲ್ಲ.

ಬಚ್ಚಲಿನ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹಳೇದೆಲ್ಲ ಸ್ಲ್ಯಾಬ್‌ವರೆಗೆ ತೆಗೆದು, ವಾಟರ್‌ಪ್ರೂಫಿಂಗ್ ಹಚ್ಚಿ, ಮೇಲೆ ಕೋಬಾ, ಅಂದರೆ ಇಟ್ಟಿಗೆ ಚೂರು, ಸಿಮೆಂಟಿನ ದಪ್ಪ ಪದರ, ಹಾಕಿದರು. ಟೈಲ್ಸ್ ಕೂರಿಸುವ ಮುಂಚೆ ಕಿಂಡಿ ಮುಚ್ಚಿ ಮೂರು ಇಂಚು ನೀರು ನಿಲ್ಲಿಸಿ, ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. 72 ಗಂಟೆ ಹಾಗೇ ಬಿಡಬೇಕು. ಎರಡನೇ ದಿನ ಬೆಳಿಗ್ಗೆ ನೋಡಿದರೆ ನೀರು ಗೆರೆಯಿಂದ ಒಂದು ಬೆರಳು ಕೆಳಗೆ! ಮಿಸ್ತ್ರಿ "ಸುಮ್ನೆ ಆರಿರುತ್ತೆ" ಎಂದ. ಕಾಂಟ್ರಾಕ್ಟರ್ ಒಪ್ಪಲಿಲ್ಲ. ನೀರನ್ನು ಮತ್ತೆ ಗೆರೆಗೆ ತುಂಬಿಸಿ, ಪಕ್ಕದಲ್ಲೇ ಒಂದು ಬಕೆಟ್ಟಿಗೂ ನೀರು ತುಂಬಿ ಅದಕ್ಕೂ ಗೆರೆ ಎಳೆದರು. ಆರಿದ್ದಾದರೆ ಎರಡೂ ಇಳಿಯಬೇಕು, ಅಲ್ವಾ? ಮರುದಿನ ಬಕೆಟ್ಟಿನ ನೀರು ಗೆರೆಯಲ್ಲೇ ಇತ್ತು, ನೆಲದ್ದು ಇಳಿದಿತ್ತು. ಕಿಂಡಿಯ ಕೆಳಗೆ ಕೂರಿಸುವ ನಾನಿ ಟ್ರ್ಯಾಪಿನ ಸಂದಿಯಲ್ಲಿ ಸೋರುತ್ತಿತ್ತು. ಅದನ್ನು ಕಿತ್ತು ಹೊಸದು ಕೂರಿಸಿ, ಮತ್ತೆ 72 ಗಂಟೆ ನೀರು ನಿಲ್ಲಿಸಿದರು. ಒಂದು ರೂಪಾಯಿ ಕೇಳಲಿಲ್ಲ. ಆ ಒಂದು ವಾರ ಸಂಡಾಸಿನಲ್ಲೇ ಬಕೆಟ್ ಇಟ್ಟು ಸ್ನಾನ ಮಾಡಿದೆವು. ಕಷ್ಟವಾಯಿತು, ಆದರೂ ಸಮಾಧಾನವಿತ್ತು.

ಪೈಪುಗಳಿಗೂ ಹಾಗೇ. ಗೋಡೆ ಮುಚ್ಚುವ ಮುಂಚೆ ಕೈಪಂಪಿನಿಂದ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದಾ ಅಂತ ನನ್ನನ್ನೇ ನಿಲ್ಲಿಸಿ ತೋರಿಸಿದರು. ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಅಳತೆಪಟ್ಟಿ ಹಿಡಿದು ಫೋಟೋ ತೆಗೆದುಕೊಳ್ಳಿ ಎಂದರು. ಮೊಳೆ ಹೊಡೆಯುವಾಗ ಈಗ ಅದೇ ಫೋಟೋ ನೋಡುತ್ತೇವೆ.

ಧೂಳು ಮಾತ್ರ ಯಾರಿಂದಲೂ ತಡೆಯಲಾಗದು. ಜಿಪ್ ಇರುವ ಪ್ಲಾಸ್ಟಿಕ್ ಪರದೆ ಕಟ್ಟಿದರು, ಒಡೆಯುವ ಮುಂಚೆ ನೀರು ಚಿಮುಕಿಸಿದರು. ಆದರೂ ಉಪ್ಪಿನಕಾಯಿ ಭರಣಿಯ ಬಟ್ಟೆಯ ಮೇಲೆ ಬಿಳಿ ಪುಡಿ. ದೇವರ ಮಂಟಪ ಫ್ರಿಜ್ಜಿನ ಮೇಲೆ ಹೋಯಿತು. ಅತ್ತೆ ದಿನಾ ದೀಪ ಹಚ್ಚುವ ಮುಂಚೆ ಮೂರು ಸಲ ಒರೆಸುತ್ತಿದ್ದರು. ಅಡುಗೆಮನೆ ಇಲ್ಲದ 18 ದಿನ ಹೊರಗಿನ ರೂಮಿನಲ್ಲಿ ಇಂಡಕ್ಷನ್ ಒಲೆ, ರಾತ್ರಿ ಗಂಜಿ, ಚಟ್ನಿ. ಮಧ್ಯಾಹ್ನ ಎಷ್ಟೋ ಸಲ ಸ್ಟೇಷನ್ ಎದುರಿನ ರಾಮ ನಾಯಕರ ಬೋರ್ಡಿಂಗಿನ ಊಟ. 1942ರಿಂದ ನಡೆಯುತ್ತಿರುವ ಜಾಗ. ಅಲ್ಲಿನ ರಸಂ ಕುಡಿದರೆ ಗಂಟಲಿನ ಧೂಳೆಲ್ಲ ಇಳಿದ ಹಾಗಾಗುತ್ತಿತ್ತು.

ಈಗ ದೂರು. ಸಂಕ್ರಾಂತಿ ಮುಗಿದ ಮೇಲೆ ಶುರು ಮಾಡಿ 45 ದಿನ ಎಂದವರು ಯುಗಾದಿ ಹತ್ತಿರ ಬಂದರೂ ಮುಗಿಸಲಿಲ್ಲ. ಟ್ರ್ಯಾಪಿನ ವಾರಕ್ಕೆ ನನ್ನ ತಕರಾರಿಲ್ಲ. ಉಳಿದದ್ದೆಲ್ಲ ಅವರು ತಂದ ಬಡಗಿಯಿಂದ. ನಾಲ್ಕು ದಿನ ಬಂದು, ಎಂಟು ದಿನ ಮಾಯ. ಫೋನ್ ಎತ್ತುತ್ತಿರಲಿಲ್ಲ. ಅವನು ಮಾಡಿದ ಎರಡು ಡ್ರಾಯರ್ ಈಗಲೂ ಸರಿಯಾಗಿ ಮುಚ್ಚುವುದಿಲ್ಲ. "ಅವನು ನನ್ನ ಮನುಷ್ಯ ಅಲ್ಲ" ಎಂದು ಕಾಂಟ್ರಾಕ್ಟರ್ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಕರೆದುಕೊಂಡು ಬಂದವರು ಅವರೇ ತಾನೇ? ಎದುರುಮನೆಯವರು ಬೀಗದ ಕೈ ಕೊಟ್ಟಿರದಿದ್ದರೆ ಸಂಡಾಸ್ ಮುಚ್ಚಿದ ಒಂಬತ್ತು ದಿನ ಏನು ಮಾಡುತ್ತಿದ್ದೆವೋ. ಅಷ್ಟು ದಿನ ಹಿಡಿಯುತ್ತದೆ ಅಂತ ಮೊದಲೇ ಹೇಳಬೇಕಿತ್ತು.

ಕೊನೆಯ 40,000 ರೂಪಾಯಿ ಮಳೆಗಾಲ ಕಳೆದ ಮೇಲೆ ಕೊಡುತ್ತೇನೆ ಅಂತ ಮೊದಲೇ ಬರೆಸಿಕೊಂಡಿದ್ದೆ. ಸೆಪ್ಟೆಂಬರಿನಲ್ಲಿ ಬೆನ್ ಮತ್ತೆ ಕರೆದು ಚಾವಣಿ ತೋರಿಸಿದರು. ಹೊಸ ಬಣ್ಣ, ಒಂದು ಕಲೆಯೂ ಇಲ್ಲ. ಅವತ್ತೇ ದುಡ್ಡು ಕಳಿಸಿದೆ. ಬಾಲ್ಕನಿ ಕೆಲಸಕ್ಕೂ ಇವರನ್ನೇ ಕರೆಯುತ್ತೇನೆ. ಮರದ ಕೆಲಸಕ್ಕೆ ಮಾತ್ರ ನಾನೇ ಬಡಗಿಯನ್ನು ಹುಡುಕುತ್ತೇನೆ.