ನಮ್ಮೂರ ಫ್ರೆಂಚ್-ಇಟಾಲಿಯನ್ ಬಿಸ್ಟ್ರೋ: ಬುಧವಾರ ಒಂದು ಥರ, ಶನಿವಾರ ಇನ್ನೊಂದು ಥರ

ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯಲ್ಲಿ, ಪೊಕಿಪ್ಸಿಯಿಂದ ರೂಟ್ 9 ಹಿಡಿದು ಉತ್ತರಕ್ಕೆ ಹೋದರೆ ಸಿಗುವ ಒಂದು ಚಿಕ್ಕ ಊರಿನ ಬಿಸ್ಟ್ರೋ, ಅಂದರೆ ಪುಟ್ಟ ರೆಸ್ಟೋರೆಂಟ್ ಇದು. ಫ್ರೆಂಚ್, ಇಟಾಲಿಯನ್ ಎರಡೂ ಮಾಡುತ್ತಾರೆ. ಹೆಸರು ಬರೆಯುತ್ತಿಲ್ಲ. ಸುತ್ತಮುತ್ತ ಇರುವ ಕನ್ನಡದವರಿಗೆ ಹೇಗೂ ಗೊತ್ತಾಗುತ್ತದೆ. ಉಳಿದವರಿಗೆ ಹೆಸರು ಕಟ್ಟಿಕೊಂಡು ಏನು? ಇಂಥ ಜಾಗಕ್ಕೆ ಯಾವಾಗ ಹೋಗಬೇಕು, ಏನು ಕೇಳಬೇಕು ಅನ್ನುವುದು ಗೊತ್ತಾದರೆ ಸಾಕು. ನಾನು ಮೊಟ್ಟೆ ತಿನ್ನುವ ಸಸ್ಯಾಹಾರಿ, ಹೆಂಡತಿ ಎಲ್ಲಾ ತಿನ್ನುತ್ತಾಳೆ. ಕೆಲವು ವರ್ಷಗಳಿಂದ ಹೋಗುತ್ತಿರುವುದರಿಂದ ಮೆನುವಿನ ಫ್ರೆಂಚ್, ಇಟಾಲಿಯನ್ ಎರಡೂ ಪುಟ ನಮ್ಮಿಬ್ಬರ ನಡುವೆ ಮುಗಿದಿದೆ.

ಈ ಜಾಗದ ರಿವ್ಯೂಗಳನ್ನು ಓದಲು ಕೂತರೆ ತಲೆ ಕೆಡುತ್ತದೆ. ಒಬ್ಬರು ಐದು ಸ್ಟಾರ್ ಕೊಟ್ಟು ಪ್ಯಾರಿಸ್ಸಿಗೆ ಹೋಗಿ ಬಂದ ಹಾಗಾಯಿತು ಅಂತಾರೆ. ಅದರ ಕೆಳಗೇ ಇನ್ನೊಬ್ಬರು ಒಂದು ಸ್ಟಾರ್ ಕೊಟ್ಟು, ಮುಕ್ಕಾಲು ಗಂಟೆ ಕಾಯಿಸಿ ಆರಿದ ಪಾಸ್ತಾ ಕೊಟ್ಟರು ಅಂತಾರೆ. ಮಧ್ಯದ ಮೂರು ಸ್ಟಾರ್ ಕೊಟ್ಟವರೇ ಕಡಿಮೆ. ನಮ್ಮ ಪರಿಚಯದವರ ಕಥೆಯೂ ಇದೇ. ಐಬಿಎಂನಲ್ಲಿ ಕೆಲಸ ಮಾಡುವ ಹಾಸನದ ಗೆಳೆಯ ಮದುವೆ ವಾರ್ಷಿಕೋತ್ಸವಕ್ಕೆ ಹೋಗಿ ಬಂದವನು ಹೇಳಿದ್ದು: "ರಿಸೊಟ್ಟೊ ಅಂತ ಮುದ್ದೆ ಕಟ್ಟಿದ ಅನ್ನ ಕೊಟ್ರು ಗುರೂ. ಅದಕ್ಕೆ ಇಪ್ಪತ್ತೊಂಬತ್ತು ಡಾಲರ್!" ಅದೇ ನಮ್ಮ ಪಕ್ಕದ ಮನೆಯ ನಿವೃತ್ತ ದಂಪತಿ ಬುಧವಾರ ತಪ್ಪಿಸುವುದಿಲ್ಲ. ಊರಲ್ಲಿ ಇಷ್ಟು ಒಳ್ಳೆಯ ಊಟ ಬೇರೆಲ್ಲೂ ಇಲ್ಲ ಅಂತ ಅವರು.

ನನ್ನ ಪ್ರಕಾರ ಇಬ್ಬರೂ ಸರಿಯಾಗೇ ಹೇಳುತ್ತಿದ್ದಾರೆ. ಹೋದ ದಿನ ಬೇರೆ, ತಿಂದದ್ದು ಬೇರೆ.

ಬಾರ್ ಪಕ್ಕದ ಟೇಬಲ್‌ನಲ್ಲಿ ಕೂತರೆ ಅಡುಗೆಮನೆ ಅರ್ಧ ಕಾಣುತ್ತದೆ. ಆರು ಬರ್ನರ್‌ನ ಒಂದು ಒಲೆ, ಅದರ ಕೆಳಗೆ ಅವನ್, ಮೇಲೆ ಬ್ರಾಯ್ಲರ್ (ಮೇಲಿನಿಂದ ಉರಿ ಕೊಡುವಂಥದ್ದು), ಒಂದು ಫ್ರೈಯರ್, ಪಾಸ್ತಾ ಬೇಯಿಸುವ ಒಂದು ಪಾತ್ರೆ. ಎರಡು ದೇಶದ ಅಡುಗೆ ಇಷ್ಟರಲ್ಲೇ ಆಗಬೇಕು. ಇಲ್ಲೇ ಇರುವುದು ಎಲ್ಲಾ ಗುಟ್ಟು.

ಫ್ರೆಂಚ್ ಬಿಸ್ಟ್ರೋ ಅಡುಗೆ ಬಹುಪಾಲು ಮುಂಚೆಯೇ ಮಾಡಿಡುವಂಥದ್ದು. ಆನಿಯನ್ ಸೂಪಿಗೆ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಒಂದು ಗಂಟೆಯಾದರೂ ಬಾಡಿಸಬೇಕು. ಅದು ಮಧ್ಯಾಹ್ನವೇ ಆಗಿರುತ್ತದೆ. ಗಿರಾಕಿ ಬಂದಾಗ ಬಟ್ಟಲಿಗೆ ಹಾಕಿ, ಮೇಲೆ ಬ್ರೆಡ್ಡು, ಗ್ರುಯೇರ್ ಚೀಸ್ ಇಟ್ಟು ಬ್ರಾಯ್ಲರ್ ಕೆಳಗೆ ತಳ್ಳಿದರೆ ಮುಗಿಯಿತು. ರೆಡ್ ವೈನ್‌ನಲ್ಲಿ ಬೇಯಿಸಿದ ಬೀಫ್ ಬೂರ್ಗಿನ್ಯೋನ್, ಬಾತುಕೋಳಿಯ ಕೊಬ್ಬಿನಲ್ಲೇ ನಿಧಾನಕ್ಕೆ ಬೆಂದ ಡಕ್ ಕಾನ್ಫಿ, ಅವನ್‌ನಲ್ಲಿ ಮೇಲೆ ಕೆಂಪಗಾಗುವ ಹಾಗೆ ಬೇಯಿಸಿದ ಆಲೂಗಡ್ಡೆಯ ಗ್ರಾಟಿನ್, ರಾಟಟೂಯಿ ಎಲ್ಲವೂ ಹೀಗೇ. ರಾಟಟೂಯಿ ಅಂದರೆ ಬದನೆ, ಟೊಮೆಟೊ, ದಪ್ಪ ಮೆಣಸಿನಕಾಯಿ, ಜುಕಿನಿ ಹಾಕಿ ಆಲಿವ್ ಎಣ್ಣೆಯಲ್ಲಿ ಬೇಯಿಸಿದ್ದು. ಅದು ಮಾರನೇ ದಿನವೇ ಜಾಸ್ತಿ ರುಚಿ. ಇಂಥವು ಶನಿವಾರದ ಗಲಾಟೆಯಲ್ಲೂ ಕೆಡುವುದಿಲ್ಲ.

ಇಟಾಲಿಯನ್ ಪುಟದ ಕಥೆ ಹಾಗಲ್ಲ. ಅಲ್ಲಿ ಎಲ್ಲವೂ ಕೊನೆಯ ಎರಡು ನಿಮಿಷದಲ್ಲಿ ನಿರ್ಧಾರವಾಗುತ್ತದೆ. ಪಾಸ್ತಾವನ್ನು ಕುದಿಯುವ ನೀರಿನಿಂದ ತೆಗೆದ ಕೂಡಲೇ ಬಾಣಲೆಗೆ ಹಾಕಿ, ಅದೇ ಗಂಜಿ ನೀರು ಸ್ವಲ್ಪ ಸೇರಿಸಿ ಸಾಸ್ ಜೊತೆ ಕೂಡಿಸಬೇಕು. ಮೊಟ್ಟೆ, ಚೀಸ್ ಹಾಕುವ ಕಾರ್ಬೊನಾರಾ ಪಾಸ್ತಾದಲ್ಲಿ ಮೊಟ್ಟೆ ಬೇಯುವುದು ಪಾಸ್ತಾದ ಬಿಸಿಯಲ್ಲೇ. ಉರಿಯ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಇಟ್ಟರೆ ಮೊಟ್ಟೆ ಪಲ್ಯ ಆಗಿಬಿಡುತ್ತದೆ. ರಿಸೊಟ್ಟೊ ಅಂದರೆ ಸ್ಟಾಕ್ (ಮಾಂಸ, ಮೂಳೆ ಅಥವಾ ತರಕಾರಿ ಬೇಯಿಸಿದ ನೀರು) ಸ್ವಲ್ಪ ಸ್ವಲ್ಪವೇ ಹಾಕುತ್ತಾ ಬೇಯಿಸುವ ಅನ್ನ, ಅದಕ್ಕೆ ಹದಿನೆಂಟಿಪ್ಪತ್ತು ನಿಮಿಷ ಒಬ್ಬರು ಒಲೆ ಮುಂದೆ ನಿಲ್ಲಬೇಕು. ಹೆಚ್ಚಿನ ರೆಸ್ಟೋರೆಂಟ್‌ಗಳು ಅದನ್ನು ಮುಕ್ಕಾಲು ಬೇಯಿಸಿ, ತಟ್ಟೆಯಲ್ಲಿ ಹರಡಿ ಆರಿಸಿಟ್ಟು, ಆರ್ಡರ್ ಬಂದಮೇಲೆ ಸ್ಟಾಕ್ ಹಾಕಿ ಮುಗಿಸುತ್ತಾರೆ. ಇದೇನೂ ಮೋಸವಲ್ಲ, ಸರಿಯಾಗಿ ಮುಗಿಸಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಅಕ್ಟೋಬರ್‌ನ ಶನಿವಾರ, ಎಲೆ ಬಣ್ಣ ನೋಡಲು ನ್ಯೂಯಾರ್ಕ್ ಸಿಟಿಯಿಂದ ಬಂದವರೆಲ್ಲ ಏಳು ಗಂಟೆಗೇ ಕೂತಿರುವಾಗ, ಅದನ್ನು ಸರಿಯಾಗಿ ಮುಗಿಸಲು ಯಾರಿಗೆ ಪುರುಸೊತ್ತು? ನಮ್ಮ ಹಾಸನದ ಗೆಳೆಯ ಹೋಗಿದ್ದು ಅಂಥ ಶನಿವಾರವೇ.

ಅದೇ ರಿಸೊಟ್ಟೊವನ್ನು ನಾನು ಮಾರ್ಚ್ ತಿಂಗಳ ಒಂದು ಗುರುವಾರ ತಿಂದಿದ್ದೇನೆ. ಅಣಬೆ ಹಾಕಿದ್ದು. ತಟ್ಟೆ ಓರೆ ಮಾಡಿದರೆ ನಿಧಾನಕ್ಕೆ ಹರಿಯುವಷ್ಟು ಸಡಿಲ, ಅಕ್ಕಿ ಕಾಳಿನ ಒಳಗೆ ಮಾತ್ರ ಸ್ವಲ್ಪ ಬಿಗಿ. ಅಂಥದ್ದು ಸಿಟಿಯ ದುಬಾರಿ ಜಾಗಗಳಲ್ಲೂ ನನಗೆ ಸಿಕ್ಕಿಲ್ಲ.

ಇನ್ನೊಂದು ವಿಷಯ ಇದೆ. ಹತ್ತಿರದಲ್ಲೇ, ಹೈಡ್ ಪಾರ್ಕ್‌ನಲ್ಲಿ, ಕಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ ಇದೆ. 1946ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಶುರುವಾಗಿ, ಎಪ್ಪತ್ತರ ದಶಕದಲ್ಲಿ ಇಲ್ಲಿ ನೆಲೆಯೂರಿದ ಅಡುಗೆ ಕಾಲೇಜು. ಇಲ್ಲಿನವರೆಲ್ಲ ಸಿಐಎ ಅಂತಲೇ ಕರೆಯುತ್ತಾರೆ. ಹೊಸದಾಗಿ ಬಂದವರಿಗೆ "ಅವನು ಸಿಐಎಯಲ್ಲಿ ಓದ್ತಿದ್ದಾನೆ" ಅಂದಾಗ, ಅಮೆರಿಕದ ಗೂಢಚಾರ ಸಂಸ್ಥೆ ಅಂದುಕೊಳ್ಳುವ ಅವರ ಮುಖ ನೋಡಬೇಕು! ಅದರ ಕೃಪೆಯಿಂದ ಈ ಸೀಮೆಯ ಚಿಕ್ಕ ಊರುಗಳಲ್ಲೂ ಅಡುಗೆ ಬಲ್ಲ ಹುಡುಗರು ಸಿಗುತ್ತಾರೆ. ತೊಂದರೆಯೂ ಅಲ್ಲೇ ಇದೆ. ಓದು ಮುಗಿದ ಕೂಡಲೇ ದೊಡ್ಡ ಊರಿಗೆ ಹೊರಟುಬಿಡುತ್ತಾರೆ. ನಮ್ಮ ಬಿಸ್ಟ್ರೋದಲ್ಲಿ ಪಾಸ್ತಾ ಒಲೆಗೆ ನಿಲ್ಲುವವರು ಬದಲಾಗುತ್ತಲೇ ಇರುತ್ತಾರೆ. ಫ್ರೆಂಚ್ ಕಡೆಯ ಸ್ಟ್ಯೂ, ಸೂಪು ಮಾತ್ರ ಯಜಮಾನರ ಕೈಯಲ್ಲೇ ಇದೆ, ಹಾಗಾಗಿ ಅದರ ರುಚಿ ಹೆಚ್ಚು ಕಡಿಮೆ ಆಗಿಲ್ಲ. ಅಂದಹಾಗೆ, ಆ ಕಾಲೇಜು ಕೂಡ ತನ್ನ ಆವರಣದಲ್ಲಿ ಫ್ರೆಂಚ್‌ಗೆ ಒಂದು ರೆಸ್ಟೋರೆಂಟ್, ಇಟಾಲಿಯನ್‌ಗೆ ಇನ್ನೊಂದು ಅಂತ ಬೇರೆ ಬೇರೆಯಾಗಿಯೇ ನಡೆಸುತ್ತದೆ. ಎರಡನ್ನೂ ಒಂದೇ ಒಲೆಗೆ ತರುವ ಧೈರ್ಯ ಅವರೂ ಮಾಡಿಲ್ಲ, ಅಲ್ವಾ?

ಈಗ ಸಸ್ಯಾಹಾರಿಗಳ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಮ್ಮವರ ಒಂದು ಸ್ಟಾರ್ ರಿವ್ಯೂಗಳ ಹಿಂದೆ ಬಹಳ ಸಲ ಇದೇ ಇರುತ್ತದೆ.

ಒಂದು ಶನಿವಾರ ನಾನು ಆನಿಯನ್ ಸೂಪು ವೆಜ್ ಹೌದಾ ಅಂತ ಕೇಳಿದೆ. ಹೊಸ ಹುಡುಗ. "ಹೌದು ಹೌದು, ಬರೀ ಈರುಳ್ಳಿ" ಅಂದ. ಸೂಪು ಬಂತು. ಅಷ್ಟರಲ್ಲಿ ಹಳೆಯ ವೇಟ್ರೆಸ್ ಆ ಕಡೆ ಹೋಗುತ್ತಿದ್ದವರು ನೋಡಿ, ನೀವು ಮಾಂಸ ತಿನ್ನಲ್ಲ ಅಲ್ವಾ, ಇದರಲ್ಲಿ ಬೀಫ್ ಸ್ಟಾಕ್ ಇದೆ ಅಂತ ಬಟ್ಟಲು ವಾಪಸ್ ತೆಗೆದುಕೊಂಡು ಹೋದರು. ಪುಣ್ಯಕ್ಕೆ ಚಮಚ ಅದ್ದಿರಲಿಲ್ಲ. ಯಜಮಾನರು ಬಂದು ಕ್ಷಮೆ ಕೇಳಿದರು, ಬಿಲ್‌ನಲ್ಲಿ ಅದನ್ನು ಹಿಡಿಯಲಿಲ್ಲ. ಆದರೂ ಸಿಟ್ಟು ಬಂದಿದ್ದು ನಿಜ. ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಕೇಳಿಕೊಂಡು ಬರಬೇಕು. ಸುಮ್ನೆ ಹೌದು ಅನ್ನಬಾರದು.

ಹಾಗಾಗಿ "ಇದು ವೆಜ್ಜಾ" ಅಂತ ಕೇಳಬೇಡಿ. ಒಳಗೆ ಏನೇನು ಇದೆ ಅಂತ ಹೆಸರು ಹಿಡಿದು ಕೇಳಿ. ಸೂಪು, ರಿಸೊಟ್ಟೊಗೆ ಯಾವ ಸ್ಟಾಕ್? ಬೀಫ್ ಅಥವಾ ಕೋಳಿಯದ್ದೇ ಇರುವುದು ಸಾಮಾನ್ಯ. ಮಿನೆಸ್ತ್ರೋನೆ ತರಕಾರಿ ಸೂಪೇ ಆದರೂ ಒಗ್ಗರಣೆಗೆ ಪಾಂಚೆಟ್ಟಾ, ಅಂದರೆ ಹಂದಿಮಾಂಸ, ಹಾಕಿರಬಹುದು. ಸೀಸರ್ ಸಲಾಡಿನ ಡ್ರೆಸಿಂಗ್‌ನಲ್ಲಿ ಆಂಚೊವಿ ಮೀನು ಇರುತ್ತದೆ. ಕೆನೆಯ ಸಿಹಿ ಪಾನಾ ಕೋಟಾ ನಿಲ್ಲುವುದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್‌ನಿಂದ. ಮೊಟ್ಟೆ ಬಿಟ್ಟವರು ಗಮನಿಸಿ: ಅಲ್ಲೇ ಲಟ್ಟಿಸಿದ ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಒಣ ಸ್ಪಗೆಟ್ಟಿ, ಪೆನ್ನೆಯಲ್ಲಿ ಹೆಚ್ಚಾಗಿ ಇರಲ್ಲ. ಇನ್ನು ಚೀಸ್. ಪಾರ್ಮಿಜಾನೊ ರೆಜ್ಜಾನೊ ಅಂತ ಮಾರುವ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಹಾಲನ್ನು ಗಟ್ಟಿ ಮಾಡಬೇಕು ಅನ್ನುವುದು ಇಟಲಿಯವರ ನಿಯಮ. ನಾನು ಅಷ್ಟಕ್ಕೆಲ್ಲ ಹೋಗಲ್ಲ. ಆದರೆ ಮಡಿವಂತರನ್ನು ಕರೆದುಕೊಂಡು ಹೋಗುವಾಗ ಇದು ಗೊತ್ತಿರಲಿ.

ಇಷ್ಟೆಲ್ಲ ಬಿಟ್ಟರೆ ಉಳಿಯುವುದು ಏನು ಅಂತೀರಾ? ಇದೆ. ಸ್ಟಾರ್ಟರ್‌ಗಳ ಪಟ್ಟಿಯ ಕೊನೆಯಲ್ಲಿ ಸೋಕ್ಕಾ ಅಂತ ಒಂದಿದೆ, ಬಹಳ ಜನ ಕಣ್ಣೆತ್ತಿ ನೋಡಲ್ಲ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಬಿಸಿ ಅವನ್‌ನಲ್ಲಿ ದೊಡ್ಡ ತಟ್ಟೆಯಲ್ಲಿ ಬೇಯಿಸಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸುತ್ತಾರೆ. ನಮ್ಮ ಕಡಲೆ ಹಿಟ್ಟಿನ ದೋಸೆಗೆ ಅಂಚು ಕರುಕಲಾದರೆ ಹೇಗಿರುತ್ತದೋ ಹಾಗೆ. ಇದು ಫ್ರಾನ್ಸಿನ ನೀಸ್ ಊರಿನ ಬೀದಿ ತಿಂಡಿ. ಗಡಿಯಾಚೆ ಇಟಲಿಯ ಲಿಗೂರಿಯಾದಲ್ಲಿ ಇದನ್ನೇ ಫರಿನಾಟಾ ಅಂತಾರೆ. ನೀಸ್ ಫ್ರಾನ್ಸಿಗೆ ಕಾಯಂ ಆಗಿ ಸೇರಿದ್ದೇ 1860ರಲ್ಲಿ, ಅದಕ್ಕೂ ಮುಂಚೆ ಇಟಲಿ ಕಡೆಯ ಸಾರ್ಡೀನಿಯಾ ರಾಜ್ಯದ ಕೈಯಲ್ಲಿತ್ತು. ಲಿಗೂರಿಯಾದ ಪೆಸ್ಟೊಗೆ, ಅಂದರೆ ಬೇಸಿಲ್ ಎಲೆ ಅರೆದ ಚಟ್ನಿಯಂಥದ್ದಕ್ಕೆ, ನೀಸ್ ಕಡೆ ಪಿಸ್ಟೂ ಅನ್ನುವ ತಮ್ಮ ಇದ್ದಾನೆ. ಎರಡೂ ದೇಶದ ಅಡುಗೆ ನಿಜಕ್ಕೂ ಒಂದೇ ಮನೆಯಲ್ಲಿ ಬೆಳೆದಿರುವುದು ಆ ಕರಾವಳಿಯಲ್ಲಿ. ಈ ಬಿಸ್ಟ್ರೋದವರು ಮೆನು ಪೂರ್ತಿ ಆ ಕಡೆಯದ್ದೇ ಇಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ. ಅದು ಬಿಟ್ಟು, 1533ರಲ್ಲಿ ಇಟಲಿಯ ದೊಡ್ಡ ಮನೆತನದ ಹುಡುಗಿ ಕ್ಯಾಥರಿನ್ ಡಿ ಮೆಡಿಚಿ ಮದುವೆಯಾಗಿ ಫ್ರಾನ್ಸಿಗೆ ಬಂದಾಗ ಇಟಲಿಯ ಅಡುಗೆಯವರನ್ನು ಕರೆತಂದು ಫ್ರೆಂಚರಿಗೆ ಅಡುಗೆ ಕಲಿಸಿದಳು ಅನ್ನುವ ಹಳೇ ಕಥೆಯನ್ನು ಮೆನುವಿನ ಹಿಂದೆ ಅಚ್ಚು ಹಾಕಿಸಿದ್ದಾರೆ. ಇತಿಹಾಸಕಾರರು ಅದನ್ನು ಒಪ್ಪಲ್ಲ. ಆಗ ಅವಳಿಗೆ ಹದಿನಾಲ್ಕು ವರ್ಷ!

ಸೋಕ್ಕಾ, ಜೊತೆಗೆ ರಾಟಟೂಯಿ, ಹಸಿರು ಸಲಾಡು. ಶನಿವಾರವಾದರೆ ನನ್ನ ಆರ್ಡರ್ ಇಷ್ಟೇ. ಹೆಂಡತಿಯದ್ದು ಡಕ್ ಕಾನ್ಫಿ. ಚರ್ಮ ಗರಿಗರಿ, ಒಳಗೆ ಮೆತ್ತಗೆ, ಒಂದು ಸಲವೂ ಬೇಜಾರಾಗಿಲ್ಲ ಅನ್ನುತ್ತಾಳೆ. ಅವಳ ದೂರು ಇರುವುದು ಸ್ಟೇಕ್ ಮೇಲೆ. ಹದ ಕೇಳಿದ್ದು ಒಂದು, ಬರುವುದು ಇನ್ನೊಂದು.

ತೀರ್ಥಹಳ್ಳಿಯಿಂದ ಅತ್ತೆ, ಮಾವ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆವು. ಮೇಣದ ಬತ್ತಿಯ ಬೆಳಕು ಅತ್ತೆಗೆ ಸರಿಬರಲಿಲ್ಲ. "ಏನು ತಿಂತಾ ಇದೀನಿ ಅಂತಾನೇ ಕಾಣ್ತಿಲ್ಲ ಕಣೇ" ಅಂತ ಮಗಳಿಗೆ ಹೇಳಿ, ಫೋನಿನ ಟಾರ್ಚ್ ಹಾಕಿಕೊಂಡೇ ಊಟ ಮಾಡಿದರು. ಮಾವ ಹಸಿಮೆಣಸಿನಕಾಯಿ ಸಿಗುತ್ತಾ ಕೇಳಿ ಅಂದರು. ವೇಟ್ರೆಸ್ ಒಳಗೆ ಹೋಗಿ ಇಟಲಿಯ ಕಲಾಬ್ರಿಯಾ ಕಡೆಯ ಮೆಣಸಿನಕಾಯಿ ಎಣ್ಣೆಯಲ್ಲಿ ಹಾಕಿದ್ದನ್ನು ಒಂದು ಪುಟ್ಟ ಬಟ್ಟಲಲ್ಲಿ ತಂದಿಟ್ಟರು. ಮೆನುವಿನಲ್ಲಿ ಅದರ ಸುಳಿವೇ ಇಲ್ಲ. ಖಾರ, ಸ್ವಲ್ಪ ಹುಳಿ, ಗ್ರಾಟಿನ್ ಜೊತೆಗೆ ಸೊಗಸಾಗಿತ್ತು. ಅವತ್ತಿನಿಂದ ನಾನು ಅದನ್ನು ಕೇಳದೆ ಊಟ ಶುರು ಮಾಡಲ್ಲ.

ಸರ್ವಿಸ್ ಬಗ್ಗೆ ಜನ ಬರೆಯುವ ದೂರು ಅರ್ಧ ನಿಜ. ತಡವಾಗುತ್ತದೆ. ಆದರೆ ಊಟ ಮುಗಿದ ಮೇಲೆ ಬಿಲ್ ತರಲಿಲ್ಲ, ನಮ್ಮನ್ನು ಮರೆತರು ಅನ್ನುವ ದೂರು ನನಗೆ ಒಪ್ಪಿಗೆಯಿಲ್ಲ. ಇಂಥ ಜಾಗದಲ್ಲಿ ನಾವು ಕೇಳುವ ತನಕ ಬಿಲ್ ಇಡದಿರುವುದು ಮರ್ಯಾದೆ.

ಬಿಲ್ ಬಂದಮೇಲೆ ಮಾತ್ರ ಕನ್ನಡಕ ಹಾಕಿಕೊಂಡು ನೋಡಿ. ಈ ಊರು ಇರುವ ಡಚೆಸ್ ಕೌಂಟಿಯಲ್ಲಿ ಸೇಲ್ಸ್ ಟ್ಯಾಕ್ಸ್ 8.125%. ಆರು ಜನರ ಮೇಲಿದ್ದರೆ ಇವರೇ 20% ಟಿಪ್ ಸೇರಿಸಿಬಿಡುತ್ತಾರೆ, ಮೆನುವಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿದೆ. ಆಮೇಲೆ ಕಾರ್ಡ್ ಯಂತ್ರ ಮತ್ತೆ ಟಿಪ್ 18%, 20%, 22% ಅಂತ ಕೇಳುತ್ತದೆ. ಗಮನಿಸದಿದ್ದರೆ ಎರಡೆರಡು ಸಲ ಕೊಟ್ಟು ಬರುತ್ತೀರಿ. ಒಮ್ಮೆ ಕಾರ್ಡ್ ಚಾರ್ಜ್ ಅಂತ 3% ಬೇರೆ ಬಂದಿತ್ತು, ಎಲ್ಲೂ ಹೇಳಿರಲಿಲ್ಲ. ನ್ಯೂಯಾರ್ಕ್‌ನಲ್ಲಿ 2024ರ ಫೆಬ್ರವರಿಯಿಂದ ಹಾಗೆ ಕೊನೆಯಲ್ಲಿ ಸೇರಿಸುವಂತಿಲ್ಲ. ಕಾರ್ಡಿಗೆ ಎಷ್ಟು ಅನ್ನುವ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಿರಬೇಕು. ಯಜಮಾನರಿಗೆ ಹೇಳಿದೆ. ಮುಂದಿನ ಸಲ ಹೋದಾಗ ಮೆನುವಿನಲ್ಲಿ ಎರಡು ಬೆಲೆ ಇತ್ತು, ಕ್ಯಾಶ್‌ಗೆ ಒಂದು, ಕಾರ್ಡಿಗೆ ಒಂದು. ಹೇಳಿದರೆ ಕೇಳುತ್ತಾರೆ ಅನ್ನುವುದು ಈ ಜಾಗದ ದೊಡ್ಡ ಗುಣ.

ಸಿಹಿಯಲ್ಲಿ ಕ್ರೆಮ್ ಬ್ರುಲೆ ಚೆನ್ನಾಗಿದೆ, ತಿರಮಿಸು ಬೇಡ. ಕಾಫಿ ನಮ್ಮ ಬಾಯಿಗೆ ಆಗಿಬರಲ್ಲ, ಮನೆಗೆ ಬಂದು ಫಿಲ್ಟರ್ ಕಾಫಿ ಕುಡಿಯಿರಿ.

ಇಬ್ಬರಿಗೆ ವೈನ್ ಇಲ್ಲದೆ, ಟಿಪ್ ಸೇರಿ ನೂರು ಡಾಲರ್ ಆಸುಪಾಸು ಆಗುತ್ತದೆ. ಹಡ್ಸನ್ ವ್ಯಾಲಿ ರೆಸ್ಟೋರೆಂಟ್ ವೀಕ್ ಸಮಯದಲ್ಲಿ ಮೂರು ಕೋರ್ಸ್‌ಗೆ ಒಂದೇ ಬೆಲೆ ಇರುತ್ತದೆ, ಆದರೆ ಆಗ ಜನವೂ ಜಾಸ್ತಿ. ನನ್ನ ಕೇಳಿದರೆ ಅದು ಬೇಡ. ಬುಧವಾರ ಅಥವಾ ಗುರುವಾರ ಆರು ಗಂಟೆಗೆ ಹೋಗಿ, ಪಾಸ್ತಾ ಅಥವಾ ರಿಸೊಟ್ಟೊ ತಿನ್ನಿ, ಸ್ಟಾಕ್ ತರಕಾರಿಯದ್ದು ಬೇಕಾದರೆ ಬುಕ್ ಮಾಡುವಾಗಲೇ ಫೋನಲ್ಲಿ ಹೇಳಿ. ಶನಿವಾರವೇ ಹೋಗಬೇಕು ಅಂತಿದ್ದರೆ ಫ್ರೆಂಚ್ ಪುಟ ಬಿಟ್ಟು ಕದಲಬೇಡಿ. ಸೋಮವಾರ, ಮಂಗಳವಾರ ಬಾಗಿಲು ಹಾಕಿರುತ್ತದೆ. ಬಾಗಿಲ ಪಕ್ಕದ ಟೇಬಲ್ ಕೊಟ್ಟರೆ ಚಳಿಗಾಲದಲ್ಲಿ ಒಪ್ಪಬೇಡಿ, ಗಾಳಿ ನೇರ ಕಾಲಿಗೇ ಹೊಡೆಯುತ್ತದೆ. ಕಾರನ್ನು ಹಿಂದಿನ ಬೀದಿಯಲ್ಲಿ ಬಿಡಬಹುದು, ಸಂಜೆ ಆರರ ಮೇಲೆ ದುಡ್ಡು ಕೇಳಲ್ಲ.